ಅಲುಗಾಡಬೇಡಿ

ರಾಣೆಬೆನ್ನೂರಿನ ಸ್ಟೇಶನ್ ರಸ್ತೆಯಲ್ಲಿ ಇಪ್ಪತ್ತೊಂದು ವರ್ಷ
ಮುಖ ತೆಗೆದವನು ನಾನು.
ಪಾಸ್‌ಪೋರ್ಟ್ ಸೈಜು, ನೀಲಿ ಪರದೆ, ಗದ್ದ ಚೂರು ಮೇಲೆ,
ಕಣ್ಣು ಮಿಟುಕಿಸಬೇಡಿ, ಅಲುಗಾಡಬೇಡಿ,
ಹಾಂ, ಆಯ್ತು.
ಇಲ್ಲಿಗೆ ಹೇಗೆ ಬಂದೆ ಅನ್ನುವುದು ಬೇರೆ ಕಥೆ;
ಅದರಲ್ಲಿ ಒಂದು ಸಾಲವಿದೆ, ಒಬ್ಬ ಭಾವಮೈದುನನಿದ್ದಾನೆ.

ಈಗ ಹವಾಯಿಯ ಕಿಲಾವೆಯಾದ ನೆತ್ತಿಯ ಅಂಚಿನಲ್ಲಿ
ಟ್ರೈಪಾಡು ಗಾಳಿಗೆ ನಡುಗದಂತೆ
ಹಿಲೋ ಪೇಟೆಯಲ್ಲಿ ಕೊಂಡ ಹತ್ತು ಪೌಂಡ್ ಅಕ್ಕಿಯ ಚೀಲ
ನಡುವೆ ತೂಗುಹಾಕಿ ಕೂತಿದ್ದೇನೆ.
ಕಲ್ಲು ಕಟ್ಟಬಹುದಿತ್ತು. ಆದರೆ ಬೋರ್ಡಿದೆ:
ಇಲ್ಲಿಂದ ಕಲ್ಲು ತೆಗೆಯಬಾರದು.
ಫೋಟೋ ತೆಗೆಯಬಹುದೇ ಎಂದು ಬೋರ್ಡು ಹೇಳುವುದಿಲ್ಲ.
ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ.

ಮೊದಲ ರಾತ್ರಿ ಬರೀ ಮಂಜು,
ಲೆನ್ಸಿಗೆ ಯಾರೋ ಬಾಯಿಟ್ಟು ಉಸಿರು ಬಿಟ್ಟ ಹಾಗೆ.
ಎರಡನೆಯ ರಾತ್ರಿ ಗಾಳಿ ಇತ್ತ ತಿರುಗಿತು:
ಒಂದಿಡೀ ಪೊಟ್ಟಣದ ಬೆಂಕಿಕಡ್ಡಿ
ಮೂಗಿನ ಕೆಳಗೇ ಗೀರಿದಂಥ ಗಂಧಕ.
ಕೆಮ್ಮುತ್ತ ಬಂದು ಲೆನ್ಸು ಒರೆಸಿದರೆ
ಬಟ್ಟೆಯಲ್ಲಿ ಹೊಂಬಣ್ಣದ ಎಳೆ, ಗಾಜಿನ ಎಳೆ.
"ಪೆಲೆಯ ಕೂದಲು, ಮುಟ್ಟಬೇಡ," ಅಂದಳು ಮನೆಯೊಡತಿ ಹರುಯೆ,
ಬೆರಳಲ್ಲಿ ಆಗಲೇ ರಕ್ತ ಮೂಡಿದ ಮೇಲೆ.

ಮೂರನೆಯ ರಾತ್ರಿ, ಮೂರೂ ಮುಕ್ಕಾಲು.
ಗಾಳಿ ಆ ಕಡೆ ಹೊರಳಿತು, ಹೊಗೆ ಪಕ್ಕಕ್ಕೆ ಸರಿಯಿತು.
ಕೆಳಗೆ
ಹಾಲಿಗೆ ಕೆನೆ ಕಟ್ಟಿದ ಹಾಗೆ ಕಟ್ಟಿದೆ, ಕರಿ ಕೆನೆ.
ಒಂದು ಕಡೆ ಸುಕ್ಕಾಗುತ್ತದೆ, ಸೀಳುತ್ತದೆ,
ಕೆಂಪು ಗೆರೆಯೊಂದು ಓಡಿ ಇನ್ನೊಂದನ್ನು ಮುಟ್ಟಿ
ಇಡೀ ಹಾಳೆ ಮಗ್ಗುಲು ಬದಲಿಸಿ ಮುಳುಗುತ್ತದೆ;
ಮೇಲೆ ಬಂದದ್ದು ನೋಡನೋಡುತ್ತ ಕರಿದಾಗುತ್ತದೆ.
ಬೂದಿ ಮುಚ್ಚಿದ ಕೆಂಡ ಎಂದು
ಮನುಷ್ಯರ ಮೇಲೆ ಹೇಳಿ ಹೇಳಿ ತಣ್ಣಗಾದ ಮಾತು
ಇಲ್ಲಿ ಮತ್ತೆ ಸುಡುತ್ತಿತ್ತು.

ಅಭ್ಯಾಸ ಬಲ. ಬಾಯಿಗೆ ಬಂದೇ ಬಂತು:
ಅಲುಗಾಡಬೇಡಿ.

ಮೂವತ್ತು ಸೆಕೆಂಡಿಗೆ ಶಟರ್ ತೆರೆದೆ.
ಹದಿನೈದೋ ಹದಿನಾರೋ ಎಣಿಸುವಾಗ
ಟಾರ್ಚು ಹಿಡಿದ ಮುದುಕನೊಬ್ಬ
ಲೆನ್ಸಿನ ಮುಂದೆಯೇ, ಅವಸರವಿಲ್ಲದೆ, ಹಾದುಹೋದ.

ಬೈಯ್ಯಲು ಬಾಯಿ ತೆರೆದೆ.
ಅವನು ಅಂಚಿನಲ್ಲಿ ಬಾಗಿ ಕೆಂಪು ಹಣ್ಣು ನಾಲ್ಕು ಒಳಗೆ ಎಸೆದು
ಐದನೆಯದನ್ನು ತಾನು ತಿನ್ನುತ್ತಿದ್ದ.

ಹೆಸರು ಕಹಲೆ. ಹಾಗೆಂದರೆ ಮನೆ ಅಂತ.
"ಈ ಕುಣಿಗೂ ಅದೇ ಹೆಸರಿದೆ, ಹಲೆಮಾಉಮಾಉ,
ಜರಿಗಿಡಗಳ ಮನೆ.
ನನ್ನದು ಕೆಳಗೆ ಪೂನಾದಲ್ಲಿತ್ತು, ಎರಡು ಕೋಣೆ, ಒಂದು ಪಪ್ಪಾಯಿ ಮರ.
ತಗೊಂಡಳು.
ಮೂವತ್ತಡಿ ಕಲ್ಲಿನ ಕೆಳಗಿರೋ ಮನೆಗೆ
ಇನ್ನೂ ಮೂರು ತಿಂಗಳು ಕರೆಂಟ್ ಬಿಲ್ ಬಂತು ಮಾರಾಯ,
ಒಂದನ್ನು ಕಟ್ಟಿದೆ ಕೂಡ."

ಸಿಟ್ಟಿಲ್ಲವಾ, ಕೇಳಿದೆ.
ಅವನು ಟಾರ್ಚು ಆರಿಸಿದ.
"ಇರತ್ತೆ. ಅದಕ್ಕೇ ತಿಂಗಳಿಗೊಮ್ಮೆ ಬರ್ತೀನಿ,
ಹೇಗಿದಾಳೆ ಅಂತ."

ಪರದೆಯಲ್ಲಿ ಚಿತ್ರ ಮೂಡಿತು. ಕುಣಿ ಇದೆ.
ಅದರ ಅಡ್ಡಕ್ಕೆ ಟಾರ್ಚಿನ ಒಂದು ಸೊಟ್ಟ ಹಳದಿ ಗೆರೆ.
ಮನುಷ್ಯ ಇಲ್ಲ.
ಬೆಂಕಿ ಮಾತ್ರ, ಅಷ್ಟು ಹೊರಳಾಡಿದ್ದು,
ನಯವಾಗಿ, ಪರದೆಯ ಮುಂದೆ ಕೂತ ಮದುಮಗಳ ಹಾಗೆ, ನಿಂತಿದೆ.
ಮೂವತ್ತು ಸೆಕೆಂಡು ಸುಳ್ಳು ಹೇಳುವುದು ಹೀಗೆ.

"ಕೆಡಿಸಿದೆ, ಅಳಿಸಿಬಿಡು," ಅಂದ ಕಹಲೆ.
ಆಮೇಲೆ ಸ್ವಲ್ಪ ಹೊತ್ತು ನೋಡಿ
"ಸಣ್ಣದೊಂದು ಪ್ರಿಂಟು ಸಿಗತ್ತಾ?
ಪರ್ಸಿನಲ್ಲಿ ಹಿಡಿಯೋ ಅಷ್ಟು."

ಆ ಅಳತೆ ನನ್ನ ಕೈಗೆ ಗೊತ್ತು.

ಬೆಳಿಗ್ಗೆ ಅಕ್ಕಿಚೀಲ ಬಿಚ್ಚಿ ಹರುಯೆಯ ಒಲೆಯ ಮೇಲೆ ಎಸರಿಟ್ಟೆ.
ಇಲ್ಲಿಂದ ಏನೂ ತೆಗೆಯಬಾರದು, ಸರಿ.
ಆದರೂ ಎಷ್ಟು ತೊಳೆದರೂ
ಅನ್ನದಲ್ಲಿ ಬೆಂಕಿಕಡ್ಡಿಯ ವಾಸನೆ.
ಮೂರು ದಿನ ಅದನ್ನೇ ಉಂಡೆವು.